ಹಳೇ ಬೈಕಿನ ವಿಂಡ್‌ಶೀಲ್ಡ್: ಉಳಿಸುವುದು ಹೇಗೆ, ಹೊಸದಾಗಿ ಮಾಡುವುದು ಹೇಗೆ

ಹಳೇ ಬೈಕು ರೆಡಿ ಮಾಡುವವರು ಎಂಜಿನ್ನಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಟ್ಯಾಂಕಿನ ಬಣ್ಣಕ್ಕೆ ಜಗಳ ಆಡುತ್ತಾರೆ. ವಿಂಡ್‌ಶೀಲ್ಡ್ ವಿಷಯ ಬಂದರೆ ಮಾತ್ರ ‘ಇರಲಿ ಬಿಡಿ, ಕೊನೆಗೆ ನೋಡೋಣ’ ಅಂತ ಮೂಲೆಗೆ ಒರಗಿಸುತ್ತಾರೆ. ಕೊನೆಗೆ ಬೈಕೆಲ್ಲ ಫಳಫಳ ಹೊಳೆಯುತ್ತದೆ. ಎದುರಿಗೆ ಮಾತ್ರ ಹಳದಿ ತಿರುಗಿದ, ಬೋಲ್ಟಿನ ಸುತ್ತ ಸೀಳಿದ ಒಂದು ಪ್ಲಾಸ್ಟಿಕ್ ಹಾಳೆ ಕೂತಿರುತ್ತದೆ. ನನ್ನ ಕೈಗೆ ಬರುವುದು ಜಾಸ್ತಿ ಇಂಥ ಹಾಳೆಗಳೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೋಹದ ಮೇಲೆ ಮೋಹ ಇರಲಿ, ಪ್ಲಾಸ್ಟಿಕ್ಕಿನ ಮೇಲೆ ಬೇಡ. ಹ್ಯಾಂಡಲಿಗೆ ಹಿಡಿಸುವ ಕ್ಲ್ಯಾಂಪು, ನಡುವಿನ ಪಟ್ಟಿ, ಬ್ರಾಕೆಟ್ಟು, ಹಳೇ ತಲೆಯ ಸ್ಕ್ರೂಗಳು, ಇವು ಒಮ್ಮೆ ಕಳೆದರೆ ಮತ್ತೆ ಸಿಗುವುದು ಕಷ್ಟ. ಪಾರದರ್ಶಕ ಹಾಳೆ ಟೈರಿನ ಹಾಗೆ ಸವೆಯುವ ಭಾಗ. ಅದು ಹೋಗುವುದೇ, ಹೊಸದು ಹಾಕುವುದೇ. ಆದರೆ ಹೊಸದು ಹಾಕುವ ಮೊದಲು ಹಳೆಯದು ಯಾಕೆ ಹೋಯಿತು ಅಂತ ತಿಳಿದಿರಬೇಕು. ಶೀಲ್ಡ್ ಒಡೆಯುವುದು ಹೆಚ್ಚಾಗಿ ಗಾಳಿಗೂ ಅಲ್ಲ, ಕಲ್ಲಿಗೂ ಅಲ್ಲ. ಒಳಗೆ ಉಳಿದುಕೊಂಡ ಎಳೆತಕ್ಕೆ. ಬಾಗಿಸುವಾಗ ಸರಿಯಾಗಿ ಬಿಸಿಯಾಗದ ಜಾಗ, ತೂತು ಕೊರೆಯುವಾಗ ಎದ್ದ ಸಣ್ಣ ಚಕ್ಕೆ, ಅತಿಯಾಗಿ ಬಿಗಿದ ಬೋಲ್ಟು. ಈ ಮೂರೇ ಅದನ್ನು ಕೊಲ್ಲುವುದು. ಕೆಳಗೆ ಹೇಳುವುದೆಲ್ಲ ಒಂದಲ್ಲ ಒಂದು ರೀತಿ ಈ ಎಳೆತ ಬರದ ಹಾಗೆ ನೋಡಿಕೊಳ್ಳುವ ಕೆಲಸ.

ಇದು ಯಾವ ಪ್ಲಾಸ್ಟಿಕ್?

ತೀರಾ ಹಳೇ ಶೀಲ್ಡುಗಳು ಸೆಲ್ಯುಲಾಯ್ಡ್. ಅದರ ಜೊತೆಗೆ, ಅದಾದ ಮೇಲೆ ಸೆಲ್ಯುಲೋಸ್ ಅಸಿಟೇಟ್. 1930ರ ದಶಕದಲ್ಲಿ ಅಕ್ರಿಲಿಕ್ ಬಂತು. ಜರ್ಮನಿಯಲ್ಲಿ ಅದಕ್ಕೆ ಪ್ಲೆಕ್ಸಿಗ್ಲಾಸ್ ಅಂತ ಹೆಸರು, ಬ್ರಿಟನ್ನಿನಲ್ಲಿ ಪರ್ಸ್‌ಪೆಕ್ಸ್. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಪೈಲಟ್ ಕೂರುವ ಜಾಗದ ಮುಚ್ಚಳಕ್ಕೆ ಇದನ್ನೇ ಬಳಸಿದರು. ಯುದ್ಧ ಮುಗಿದ ಮೇಲೆ ಬೈಕುಗಳಿಗೂ ಅದೇ ಮಾಮೂಲಾಯಿತು. ಪಾಲಿಕಾರ್ಬೊನೇಟ್ ತಡವಾಗಿ ಬಂದದ್ದು. 1953ರಲ್ಲಿ ಬೇಯರ್ ಕಂಪನಿಯ ಹರ್ಮನ್ ಶ್ನೆಲ್, ಜನರಲ್ ಎಲೆಕ್ಟ್ರಿಕ್ಕಿನ ಡೇನಿಯಲ್ ಫಾಕ್ಸ್, ಇಬ್ಬರೂ ಬೇರೆ ಬೇರೆಯಾಗಿ ಅದನ್ನು ಕಂಡುಕೊಂಡರು. ಹಾಗಾಗಿ 1950ರ ಬೈಕಿನ ಮೇಲೆ ಪಾಲಿಕಾರ್ಬೊನೇಟ್ ಶೀಲ್ಡ್ ಇಟ್ಟು ಯಾರಾದರೂ ‘ಒರಿಜಿನಲ್ ಸರ್’ ಅಂದರೆ ನಕ್ಕು ಸುಮ್ಮನಾಗಿ. ಆಮೇಲೆ ಯಾರೋ ಹಾಕಿಸಿದ್ದು ಅದು.

ಗುರುತು ಹಿಡಿಯುವುದು ಕಷ್ಟವಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಅಕ್ರಿಲಿಕ್ ಟಣ್ ಅನ್ನುತ್ತದೆ, ಪಾಲಿಕಾರ್ಬೊನೇಟ್ ಮಂಕಾಗಿ ದಪ್ ಅನ್ನುತ್ತದೆ. ಅಂಚಿನ ಕಡೆಯಿಂದ ನೋಡಿದರೆ ಅಕ್ರಿಲಿಕ್ ತಿಳಿಯಾಗಿ ಕಾಣುತ್ತದೆ, ಪಾಲಿಕಾರ್ಬೊನೇಟ್ ಸ್ವಲ್ಪ ಬೂದು. ಇಷ್ಟಕ್ಕೂ ಗೊತ್ತಾಗದಿದ್ದರೆ ಅಂಚಿನಿಂದ ಉಗುರಿನಷ್ಟು ಚೂರು ತೆಗೆದು, ಬಯಲಿನಲ್ಲಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಅಕ್ರಿಲಿಕ್ ಸಣ್ಣ ಚಟಪಟ ಸದ್ದಿನೊಂದಿಗೆ ಹಣ್ಣಿನಂಥ ವಾಸನೆ ಬಿಡುತ್ತಾ ಉರಿಯುತ್ತಲೇ ಇರುತ್ತದೆ. ಪಾಲಿಕಾರ್ಬೊನೇಟ್ ಬೆಂಕಿ ತೆಗೆದ ಸ್ವಲ್ಪ ಹೊತ್ತಿಗೆ ಕಪ್ಪಾಗಿ ನಂದಿಹೋಗುತ್ತದೆ. ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ, ಕರ್ಪೂರದ ವಾಸನೆ ಬರುತ್ತದೆ. ಅದು ಸೆಲ್ಯುಲಾಯ್ಡ್ ಅಂತ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ. ಹೀಟ್ ಗನ್ ಬೇಡ, ಓವನ್ ಬೇಡ, ಮೆಷಿನ್ ಬಫಿಂಗ್ ಬೇಡ. ತಂಪಾದ ಜಾಗದಲ್ಲಿ, ಬೇರೆ ಸಾಮಾನಿನಿಂದ ದೂರ ಇಟ್ಟು, ಅಳತೆ ತೆಗೆದುಕೊಂಡು ಅಕ್ರಿಲಿಕ್ಕಿನಲ್ಲಿ ಹೊಸದು ಮಾಡಿ.

ಉಳಿಯುತ್ತದೋ ಇಲ್ಲವೋ

ಬೈಕಿನಿಂದ ಬಿಚ್ಚಿ, ಸೋಪು ನೀರಲ್ಲಿ ತೊಳೆದು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಎರಡು ಥರದ ಗೆರೆ ಕಾಣುತ್ತವೆ. ಒಂದು ಮೇಲಿನ ಗೀರು. ಇನ್ನೊಂದು ಒಳಗಿನ ಬಿರುಕು. ಕೂದಲಿಗಿಂತ ಸಣ್ಣದು, ಒಂದು ಕೋನದಲ್ಲಿ ಬೆಳ್ಳಿಯ ಹಾಗೆ ಮಿನುಗುತ್ತದೆ, ಸ್ವಲ್ಪ ತಿರುಗಿಸಿದರೆ ಮಾಯ. ಗೀರಾದರೆ ಉಜ್ಜಿ ತೆಗೆಯಬಹುದು. ಒಳಬಿರುಕನ್ನು ಉಜ್ಜಿ ತೆಗೆಯುವುದು ಹೆಚ್ಚಿನ ಸಲ ಆಗದ ಮಾತು. ಅದರಲ್ಲೂ ಬೋಲ್ಟಿನ ತೂತುಗಳ ಸುತ್ತ ಅವು ಗುಂಪಾಗಿದ್ದರೆ ಆ ಹಾಳೆಯ ಕಥೆ ಮುಗಿಯಿತು. ನೀವು ಎಷ್ಟೇ ಹೊಳಪು ಕೊಟ್ಟರೂ ಮುಂದಿನ ಗುಂಡಿಗೆ ಅಲ್ಲಿಂದಲೇ ಸೀಳುತ್ತದೆ.

ಕಣ್ಣಿಗೆ ಕಾಣದ ಎಳೆತವನ್ನೂ ನೋಡುವ ಒಂದು ಉಪಾಯ ಇದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಅದರ ಮುಂದೆ ಶೀಲ್ಡ್ ಹಿಡಿದು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಮೂಲಕ ನೋಡಿ. ಕನ್ನಡಕವನ್ನು ಸ್ವಲ್ಪ ತಿರುಗಿಸಿದರೆ ಬರಿಯ ಪರದೆ ಕಪ್ಪಾಗುವ ಒಂದು ಕೋನ ಸಿಗುತ್ತದೆ. ಆ ಕೋನದಲ್ಲೇ ಶೀಲ್ಡ್ ನೋಡಬೇಕು. ಎಳೆತ ಇರುವ ಕಡೆ ಬೆಳಕು ಹಾಯುತ್ತದೆ. ಪಾಲಿಕಾರ್ಬೊನೇಟಿನಲ್ಲಿ ಕಾಮನಬಿಲ್ಲಿನ ಪಟ್ಟೆಗಳೇ ಎದ್ದು ಬರುತ್ತವೆ. ಅಕ್ರಿಲಿಕ್ಕಿನಲ್ಲಿ ಅಷ್ಟಿಲ್ಲ, ಮಾಸಲು ಬಿಳುಪು ಮಾತ್ರ. ಆದರೂ ತೂತಿನ ಸುತ್ತ ಆ ಬಿಳುಪು ಕಂಡರೆ ಸಾಕು, ಉತ್ತರ ಸಿಕ್ಕಿತು. ಹೊಸದು ಮಾಡಿದ ಮೇಲೂ ನಾನು ಇದೇ ಪರೀಕ್ಷೆ ಮಾಡುತ್ತೇನೆ.

ಹಳದಿ ಬಣ್ಣದ ಬಗ್ಗೆ ಒಂದು ಮಾತು. ಕೆಲವರಿಗೆ ಆ ಹಳದಿಯೇ ಚಂದ. ‘ವಯಸ್ಸು ಕಾಣಬೇಕು’ ಅನ್ನುತ್ತಾರೆ. ಫ್ಯಾಕ್ಟರಿಯಿಂದ ಬಂದಾಗ ಅದು ತಿಳಿಯಾಗಿತ್ತು ಸ್ವಾಮಿ. ಬಿಸಿಲಿಗೆ ಒಳಗಿನವರೆಗೂ ಹಳದಿಯಾದ ಪ್ಲಾಸ್ಟಿಕ್ಕು ಉಜ್ಜಿದರೆ ಬಿಳಿಯಾಗುವುದಿಲ್ಲ. ಪ್ರದರ್ಶನಕ್ಕೆ ಬೇಕಾದರೆ ಹಾಗೇ ಇಟ್ಟುಕೊಳ್ಳಿ, ಓಡಿಸಲು ಬೇಡ.

ಗೀರು ತೆಗೆಯುವುದು

ಉಗುರನ್ನು ಗೀರಿನ ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರು ಹೆಚ್ಚಿದಷ್ಟೂ ನಯ) 1500 ಅಥವಾ 2000 ನಂಬರಿನಿಂದ ಶುರು ಮಾಡಿದರೆ ಸಾಕು. ಸಿಕ್ಕಿಕೊಂಡರೆ 600 ಅಥವಾ 800. ತೀರಾ ಆಳವಾಗಿದ್ದರೆ 400. ಬೇಕಿಲ್ಲದೆ 400ಕ್ಕೆ ಕೈ ಹಾಕಬೇಡಿ, ಅದು ಮಾಡುವ ಗೀರು ತೆಗೆಯಲು ಅರ್ಧ ದಿನ ಹೋಗುತ್ತದೆ.

ಒಂದು ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಪೇಪರನ್ನು ಸ್ಪಂಜಿನ ತುಂಡಿಗೆ ಸುತ್ತಿ, ಬೆರಳ ತುದಿಯಿಂದ ಒತ್ತಬೇಡಿ. ಒಂದು ನಂಬರಿನಲ್ಲಿ ಅಡ್ಡಕ್ಕೆ ಉಜ್ಜಿದರೆ ಮುಂದಿನ ನಂಬರಿನಲ್ಲಿ ಉದ್ದಕ್ಕೆ ಉಜ್ಜಿ. ಯಾಕೆಂದರೆ ಆಗ ಹಿಂದಿನ ಗೆರೆಗಳು ಪೂರ್ತಿ ಹೋದವೋ ಇಲ್ಲವೋ ಕಾಣುತ್ತದೆ. ಒಂದು ಅಡ್ಡಗೆರೆ ಉಳಿದರೂ ಮುಂದಿನ ನಂಬರಿಗೆ ಹೋಗಬೇಡಿ. ಪ್ರತಿ ನಂಬರಿನ ನಡುವೆ ಶೀಲ್ಡ್, ಸ್ಪಂಜು, ಕೈ ಎಲ್ಲವನ್ನೂ ತೊಳೆಯಿರಿ. 800ರ ಒಂದು ಕಾಳು ಮರಳು 2000ದ ಕೆಳಗೆ ಸಿಕ್ಕಿಕೊಂಡರೆ ಮತ್ತೆ ಹಿಂದಕ್ಕೆ ಹೋಗಬೇಕು.

ಶುರುವಿನಲ್ಲಿ ಹಾಳೆಯೆಲ್ಲ ಹಾಲಿನ ಬಣ್ಣಕ್ಕೆ ತಿರುಗಿ ಭಯವಾಗುತ್ತದೆ. 1000ದಲ್ಲಿ ಮಂಜು. 2000ದಲ್ಲಿ ಆ ಮಂಜಿನ ಹಿಂದೆ ನಿಮ್ಮ ಕೈ ಕಾಣಲು ಶುರುವಾಗುತ್ತದೆ. 3000 ಮುಗಿದ ಮೇಲೆ ಒದ್ದೆ ಇದ್ದಾಗ ತಿಳಿ, ಒಣಗಿದರೆ ತೆಳು ಮಬ್ಬು. ಆ ಮಬ್ಬನ್ನು ತೆಗೆಯಲು ಪ್ಲಾಸ್ಟಿಕ್ಕಿಗೆ ಅಂತಲೇ ಇರುವ ಪಾಲಿಶ್, ಮೆತ್ತನೆಯ ಹಳೇ ಬನಿಯನ್ ಬಟ್ಟೆ. ನೋವಸ್ ಪಾಲಿಶ್ ಮೂರು ಬಾಟಲಿಯಲ್ಲಿ ಬರುತ್ತದೆ: 3 ಆಳದ ಗೀರಿಗೆ, 2 ಸಣ್ಣ ಗೀರಿಗೆ, 1 ಒರೆಸಲು. ಮೈಕ್ರೋ ಮೆಶ್ ಅನ್ನುವ ಬಟ್ಟೆ ಬೆನ್ನಿನ ಪೇಪರು 12000 ನಂಬರಿನವರೆಗೂ ಇದೆ, ವಿಮಾನದ ಅಕ್ರಿಲಿಕ್ ಕಿಟಕಿ ಉಜ್ಜುವವರು ಅದನ್ನೇ ಇಟ್ಟುಕೊಳ್ಳುತ್ತಾರೆ. ಕಾರಿನ ಪೇಂಟಿಗೆ ಹಾಕುವ ಕಾಂಪೌಂಡ್ ಬೇಡ, ಕೆಲವಲ್ಲಿ ಥಿನ್ನರ್ ಥರದ್ದು ಇರುತ್ತದೆ. ಮೆಷಿನ್ ಬಫ್ ಹಿಡಿಯುವುದಾದರೆ ತೀರಾ ನಿಧಾನದ ಸ್ಪೀಡು, ಒಂದೇ ಜಾಗದಲ್ಲಿ ನಿಲ್ಲಿಸುವಂತಿಲ್ಲ. ಕೈ ಇಟ್ಟರೆ ಬೆಚ್ಚಗಿದೆ ಅನ್ನಿಸಿದರೆ ಆಗಲೇ ಜಾಸ್ತಿಯಾಯಿತು.

ಒಂದು ಗೀರಿದೆ ಅಂತ ಅಲ್ಲಿ ಮಾತ್ರ ಗುಂಡಗೆ ಉಜ್ಜಿದರೆ ಅಲ್ಲೊಂದು ಸಣ್ಣ ತಗ್ಗು ಬೀಳುತ್ತದೆ. ಅದು ಲೆನ್ಸಿನ ಕೆಲಸ ಮಾಡುತ್ತದೆ, ರಸ್ತೆ ಅಲ್ಲಿ ಅಲುಗಾಡಿದಂತೆ ಕಾಣುತ್ತದೆ. ಹಾಗಾಗಿ ಗೀರಿನ ಸುತ್ತ ಅಂಗೈ ಅಗಲಕ್ಕೆ ಹರಡಿಕೊಂಡು ಉಜ್ಜಬೇಕು. ಮುಗಿದ ಮೇಲೆ ಕಿಟಕಿಯ ಸರಳುಗಳ ಮುಂದೆ ಹಿಡಿದು ತಲೆಯನ್ನು ಅತ್ತಿತ್ತ ಆಡಿಸಿ. ಸರಳು ಬಾಗಿದ ಹಾಗೆ ಕಂಡರೆ ಅಲ್ಲಿ ತಗ್ಗಿದೆ.

ಇದೆಲ್ಲ ಅಕ್ರಿಲಿಕ್ಕಿಗೆ. ಪಾಲಿಕಾರ್ಬೊನೇಟಿಗೆ ಸಾಮಾನ್ಯವಾಗಿ ಮೇಲೊಂದು ಗಟ್ಟಿ ಲೇಪ ಇರುತ್ತದೆ. ಅದನ್ನು ಉಜ್ಜಿದರೆ ಲೇಪ ತೇಪೆ ತೇಪೆಯಾಗಿ ಹೋಗಿ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ.

ಸೀಳಿನ ವಿಷಯ ಬೇಗ ಮುಗಿಸುತ್ತೇನೆ. ಸೀಳು ಎಲ್ಲಿ ನಿಂತಿದೆಯೋ ಆ ತುದಿಯಲ್ಲಿ 3 ಮಿ.ಮೀ. ತೂತು ಕೊರೆದರೆ ಮುಂದಕ್ಕೆ ಓಡುವುದು ನಿಲ್ಲುತ್ತದೆ. ಅಕ್ರಿಲಿಕ್ ಅಂಟಿಸುವ ನೀರಿನಂಥ ಸಿಮೆಂಟನ್ನು ಸಿರಿಂಜಿನಿಂದ ಸೀಳಿನ ಬಾಯಿಗೆ ಬಿಟ್ಟರೆ ತಾನೇ ಒಳಗೆ ಹರಿದು ಬೆಸೆಯುತ್ತದೆ. ಅದರಲ್ಲಿ ಹೆಚ್ಚಾಗಿ ಡೈಕ್ಲೋರೋಮೀಥೇನ್ ಇರುತ್ತದೆ, ಆವಿ ಒಳ್ಳೆಯದಲ್ಲ, ಹೊರಗೆ ಗಾಳಿಯಲ್ಲಿ ಮಾಡಿ. ಇಂಥ ಬೆಸುಗೆ ನೋಡಲು ಇಡುವ ಬೈಕಿಗೆ ಸರಿ. ವೇಗದಲ್ಲಿ ಹೋಗುವ ಬೈಕಿನಲ್ಲಿ, ನಿಮ್ಮ ಕುತ್ತಿಗೆಯ ಎದುರಿಗೆ, ಬೆಸೆದ ಸೀಳು ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಹೊಸ ಹಾಳೆ ಆರಿಸುವುದು

ಹಳೇ ಶೀಲ್ಡ್ ಒಂದೇ ಕಡೆಗೆ ಬಾಗಿದೆಯೋ, ಎರಡೂ ಕಡೆಗೆ ಬಾಗಿದೆಯೋ ನೋಡಿ. ಅಡಿಪಟ್ಟಿಯನ್ನು ಅದರ ಮೇಲೆ ನೆಟ್ಟಗೆ ಇಡಿ. ಮೇಲಿನಿಂದ ಕೆಳಕ್ಕೆ ಪಟ್ಟಿ ಪೂರ್ತಿ ಕೂತರೆ ಒಂದೇ ಬಾಗು. ಹ್ಯಾಂಡಲಿಗೆ ಕಟ್ಟುವ ಹಳೇ ಶೀಲ್ಡುಗಳಲ್ಲಿ ತುಂಬಾ ಇಂಥವೇ, ಮನೆಯಲ್ಲೇ ಮಾಡಬಹುದು. ರೇಸ್ ಬೈಕುಗಳ ಗುಳ್ಳೆಯಂಥ ಶೀಲ್ಡು ಎರಡೂ ಕಡೆಗೆ ಬಾಗಿರುತ್ತದೆ. ಅದಕ್ಕೆ ಗಾಳಿಯ ಒತ್ತಡವೋ ವ್ಯಾಕ್ಯೂಮೋ ಬೇಕು. ಅದನ್ನು ಆ ಕೆಲಸದವರಿಗೇ ಬಿಡಿ, ಅಚ್ಚು ಮಾತ್ರ ನೀವು ಮಾಡಿಕೊಡಿ.

ಅಕ್ರಿಲಿಕ್ಕಿನಲ್ಲಿ ಎರಡು ಜಾತಿ. ಎರಕ ಹೊಯ್ದ ಕಾಸ್ಟ್ ಶೀಟು, ಮೆಷಿನ್ನಿನಿಂದ ಒತ್ತಿ ಎಳೆದ ಎಕ್ಸ್‌ಟ್ರೂಡೆಡ್ ಶೀಟು. ಕಾಸ್ಟ್ ಅಂತಲೇ ಕೇಳಿ ತನ್ನಿ. ಎಕ್ಸ್‌ಟ್ರೂಡೆಡ್ ಶೀಟು ಡ್ರಿಲ್ಲಿನ ಬಿಸಿಗೆ ಕರಗಿ ಅಂಟುತ್ತದೆ, ಓವನ್ನಿನಲ್ಲಿ ಎಳೆದ ದಿಕ್ಕಿಗೆ ಜಾಸ್ತಿ ಕುಗ್ಗುತ್ತದೆ. ದಪ್ಪಕ್ಕೆ ಹಳೆಯದನ್ನೇ ಅಳೆಯಿರಿ, ಹೆಚ್ಚಾಗಿ 3ರಿಂದ 5 ಮಿ.ಮೀ. ಒಳಗೆ ಇರುತ್ತದೆ. ‘ಗಟ್ಟಿ ಇರಲಿ’ ಅಂತ 6 ಹಾಕುವುದು ಬೇಡ. ಲೆಕ್ಕ ನೋಡಿ: 0.3 ಚದರ ಮೀಟರ್ ಹಾಳೆ 3 ಮಿ.ಮೀ. ದಪ್ಪದಲ್ಲಿ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. 6 ಅಂದರೆ ಎರಡು ಕಿಲೋ ದಾಟುತ್ತದೆ. ಈ ಭಾರ ಕೂರುವುದು ಫ್ರೇಮಿನ ಮೇಲಲ್ಲ, ತಿರುಗುವ ಹ್ಯಾಂಡಲಿನ ಮೇಲೆ. ಬೈಕಿನ ನಡೆಯೇ ಬದಲಾಗುತ್ತದೆ.

ದಿನಾ ಓಡಿಸುವ ಬೈಕು, ಶೀಲ್ಡಿನ ಬಾಗು ತುಂಬಾ ಕಡಿಮೆ ಅಂದರೆ ಪಾಲಿಕಾರ್ಬೊನೇಟ್ ಒಳ್ಳೆಯದು. ಅದು ಒಡೆದು ಚೂರಾಗುವುದಿಲ್ಲ, ತಣ್ಣಗೇ ಬಾಗುತ್ತದೆ. ಗಟ್ಟಿ ಲೇಪದ ಶೀಟನ್ನು ಬಿಸಿ ಮಾಡಿ ಬಾಗಿಸಿದರೆ ಲೇಪ ಬಿರಿಯುತ್ತದೆ. ಲೇಪ ಇಲ್ಲದ್ದನ್ನು ಬಿಸಿ ಮಾಡುವ ಮೊದಲು ಸುಮಾರು 120 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಬೇಕು, ಇಲ್ಲದಿದ್ದರೆ ಒಳಗಿನ ತೇವ ಗುಳ್ಳೆ ಏಳುತ್ತದೆ. ಹಳೇ ರೂಪ, ಹಳೇ ತಿಳಿ, ಆಮೇಲೆ ಪಾಲಿಶ್ ಮಾಡುವ ಅನುಕೂಲ, ಇವೆಲ್ಲ ಬೇಕು ಅಂದರೆ ಕಾಸ್ಟ್ ಅಕ್ರಿಲಿಕ್. ರಸ್ತೆಯಲ್ಲಿ ಓಡಿಸಲು ಶೀಲ್ಡಿನ ಮೇಲೆ ಒಪ್ಪಿಗೆಯ ಗುರುತು ಇರಬೇಕು ಅನ್ನುವ ನಿಯಮ ನಿಮ್ಮ ಕಡೆ ಇದೆಯೇ ಅಂತ ಶೀಟು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ನಕ್ಷೆ ಮತ್ತು ಅಚ್ಚು

ಹಳೇ ಹಾಳೆಯನ್ನು ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಎಡ ಯಾವುದು, ಬಲ ಯಾವುದು ಅಂತ ಪ್ರತಿ ಬ್ರಾಕೆಟ್ಟಿಗೂ ಚೀಟಿ ಕಟ್ಟಿ. ರಿವೆಟ್ಟುಗಳ ತಲೆಯನ್ನು ಡ್ರಿಲ್ಲಿನಿಂದ ತೆಗೆದು ಹಿಂದಿನಿಂದ ತಳ್ಳಿ. ಜಜ್ಜಿ ತೆಗೆದರೆ ತೆಳು ಪಟ್ಟಿ ಬಾಗುತ್ತದೆ. ಹೊಸ ರಿವೆಟ್ಟಿಗೆ ಅಳತೆ ಬೇಕಲ್ಲ, ಒಂದೆರಡು ಹಳೆಯವನ್ನು ಎತ್ತಿಡಿ.

ನಕ್ಷೆಗೆ ತೆಳು ರಟ್ಟು ಸಾಕು. ರಟ್ಟನ್ನು ಹಳೇ ಶೀಲ್ಡಿನ ಬಾಗಿಗೆ ಒತ್ತಿ ಹಿಡಿದು ಅಂಚು, ತೂತು ಎಲ್ಲ ಗುರುತು ಮಾಡಿ. ಆದರೆ ಹಳೇ ಶೀಲ್ಡು ಎರಡೂ ಪಕ್ಕಕ್ಕೆ ಸಮವಾಗಿ ಇರುವುದು ಅಪರೂಪ. ಬಿದ್ದಿರುತ್ತದೆ, ಯಾರೋ ಕತ್ತರಿಸಿರುತ್ತಾರೆ. ಚೆನ್ನಾಗಿರುವ ಅರ್ಧವನ್ನು ಮಾತ್ರ ತೆಗೆದುಕೊಂಡು, ನಡುಗೆರೆಗೆ ರಟ್ಟು ಮಡಚಿ ಎರಡೂ ಪದರ ಒಟ್ಟಿಗೆ ಕತ್ತರಿಸಿ.

ಬಾಗಿನ ಆಕಾರ ಬೇರೆಯಾಗಿ ಬೇಕು. ಮೇಲೆ, ನಡುವೆ, ಕೆಳಗೆ, ಮೂರು ಕಡೆ ದಪ್ಪ ರಟ್ಟನ್ನು ಶೀಲ್ಡಿನ ಒಳಬಾಗಿಗೆ ಸರಿಯಾಗಿ ಕೂರುವಂತೆ ಕತ್ತರಿಸಿಕೊಳ್ಳಿ. ಅದೇ ಆಕಾರದಲ್ಲಿ ಪ್ಲೈವುಡ್ ಪಕ್ಕೆಲುಬು ಮಾಡಿ, ಒಂದು ಹಲಗೆಯ ಮೇಲೆ ಅದೇ ಅಂತರದಲ್ಲಿ ನಿಲ್ಲಿಸಿ, ಮೇಲೆ ತೆಳು ಅಲ್ಯೂಮಿನಿಯಂ ತಗಡು ಬಗ್ಗಿಸಿ ಸ್ಕ್ರೂ ಹಾಕಿ. ಸ್ಕ್ರೂ ತಲೆಗಳು ಹಾಳೆ ಕೂರುವ ಜಾಗದ ಹೊರಗೆ ಇರಲಿ. ತಗಡಿನ ಮೇಲೆ ದಪ್ಪ ಫ್ಲ್ಯಾನಲ್ ಬಟ್ಟೆ, ಒಂದೂ ಸುಕ್ಕಿಲ್ಲದ ಹಾಗೆ ಎಳೆದು ಕಟ್ಟಿ. ಬಿಸಿ ಅಕ್ರಿಲಿಕ್ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಬಟ್ಟೆಯ ಒಂದು ಸುಕ್ಕು, ಒಂದು ದಾರದ ತುಣುಕು ಇದ್ದರೂ ಶೀಲ್ಡಿನ ಮೇಲೆ ಅಚ್ಚೊತ್ತುತ್ತದೆ.

ಅಚ್ಚು ತಯಾರಾದ ಮೇಲೆ ಇನ್ನೊಂದು ಕೆಲಸ ಮಾಡಬಹುದು. ಹಳೇ ಶೀಲ್ಡು ಅಕ್ರಿಲಿಕ್ಕಿನದೇ, ಬಿಸಿಯಿಂದಲೇ ಬಾಗಿಸಿದ್ದು, ಇನ್ನು ಅದು ಬೇಡ ಅಂದರೆ ಓವನ್ನಿಗೆ ಹಾಕಿ. ಅದು ಬಾಗುವ ಮೊದಲಿನ ಚಪ್ಪಟೆ ರೂಪಕ್ಕೆ ತಾನೇ ಹಿಂತಿರುಗುತ್ತದೆ. ಮೂಲ ಕತ್ತರಿಕೆ ಹಾಳೆಯಾಗಿ ನಿಮ್ಮ ಕೈಯಲ್ಲಿ. ಇದೇ ಗುಣ ನಿಮಗೂ ಅನುಕೂಲ: ಬಾಗು ಸರಿ ಬರದಿದ್ದರೆ ಮತ್ತೆ ಬಿಸಿ ಮಾಡಿ, ಹಾಳೆ ನೆಟ್ಟಗಾಗುತ್ತದೆ, ಮತ್ತೆ ಶುರು.

ಕತ್ತರಿಸಿ ಬಾಗಿಸುವುದು

ಕಾಸ್ಟ್ ಅಕ್ರಿಲಿಕ್ ಮೊದಲ ಸಲ ಬಿಸಿಯಾದಾಗ ಸುಮಾರು 2 ಶೇಕಡ ಕುಗ್ಗುತ್ತದೆ. 500 ಮಿ.ಮೀ. ಅಗಲಕ್ಕೆ 10 ಮಿ.ಮೀ. ಹೋಯಿತು. ಆದ್ದರಿಂದ ಸುತ್ತಲೂ ಧಾರಾಳವಾಗಿ ಬಿಟ್ಟು ಕತ್ತರಿಸಿ. ತೂತುಗಳನ್ನು ಈಗ ಕೊರೆಯಬೇಡಿ. ಜಿಗ್‌ಸಾಗೆ ಸಣ್ಣ ಹಲ್ಲಿನ ಬ್ಲೇಡು, ನಡುವಿನ ಸ್ಪೀಡು. ಜಾಸ್ತಿ ಸ್ಪೀಡು ಕೊಟ್ಟರೆ ಬ್ಲೇಡು ಮುಂದೆ ಹೋದ ಹಾಗೆ ಹಿಂದೆ ಕರಗಿ ಅಂಟಿಕೊಳ್ಳುತ್ತಾ ಬರುತ್ತದೆ.

ಮೇಲಿನ ರಕ್ಷಣಾ ಹಾಳೆ ಎರಡೂ ಕಡೆ ತೆಗೆದು, ತೊಳೆದು, ಪೂರ್ತಿ ಒಣಗಿಸಿ ಓವನ್ನಿಗೆ. 150ರಿಂದ 170 ಡಿಗ್ರಿ ಸೆಲ್ಸಿಯಸ್ ನಡುವೆ ಕಾಸ್ಟ್ ಅಕ್ರಿಲಿಕ್ ಮೆತ್ತಗಾಗುತ್ತದೆ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೆ ಬೇರೆ ಥರ್ಮಾಮೀಟರ್ ಇಡಿ. ಮನೆಯ ಓವನ್ನಿಗೆ ದೊಡ್ಡ ಹಾಳೆ ಹಿಡಿಸುವುದಿಲ್ಲ. ಅಕ್ರಿಲಿಕ್ ಬೋರ್ಡ್ ಮಾಡುವವರು, ಪೌಡರ್ ಕೋಟಿಂಗ್ ಮಾಡುವವರು ದೊಡ್ಡ ಓವನ್ ಇಟ್ಟಿರುತ್ತಾರೆ. ಅಚ್ಚನ್ನು ಅಲ್ಲಿಗೇ ಹೊತ್ತುಕೊಂಡು ಹೋಗುವುದು ಜಾಣತನ. ಪೌಡರ್ ಕೋಟಿಂಗಿನವರ ಓವನ್ನಾದರೆ ಒಳಗೆ ಧೂಳು ಕೂತಿಲ್ಲ ಅಂತ ನೋಡಿಕೊಳ್ಳಿ. ಹೀಟ್ ಗನ್ನಿನಲ್ಲಿ ಇಡೀ ಶೀಲ್ಡ್ ಬಾಗಿಸಿದವರನ್ನು ನೋಡಿದ್ದೇನೆ. ಬಾಗುತ್ತದೆ. ಆದರೆ ಅಲೆ ಅಲೆಯಾಗಿ, ಅಲ್ಲೊಂದು ಇಲ್ಲೊಂದು ಕಡೆ ಎಳೆತ ಉಳಿಸಿಕೊಂಡು.

ಹೊತ್ತನ್ನು ಗಡಿಯಾರ ನೋಡಿ ಹೇಳಬೇಡಿ, ಹಾಳೆಯನ್ನು ನೋಡಿ ಹೇಳಿ. ಒಂದು ಮೂಲೆ ಎತ್ತಿದರೆ ಒದ್ದೆ ಬಟ್ಟೆಯಂತೆ ಜೋತುಬೀಳಬೇಕು. ನಡು ಮೆತ್ತಗಾಗಿ ಅಂಚು ಬಿರುಸಾಗಿದ್ದರೆ ಇನ್ನೂ ಆಗಿಲ್ಲ. ಅವಸರ ಮಾಡಿದರೆ ಆ ಬಿರುಸು ಜಾಗವನ್ನು ನೀವು ಬಲವಂತವಾಗಿ ಬಾಗಿಸಿದಂತೆ, ಎಳೆತ ಅಲ್ಲೇ ಉಳಿಯುತ್ತದೆ. ಬದಲಿಗೆ ಬಿಸಿ ಜಾಸ್ತಿಯಾದರೆ ಸಣ್ಣ ಗುಳ್ಳೆ ಏಳುತ್ತವೆ, ಆ ಹಾಳೆ ಮತ್ತೆ ಉಪಯೋಗಕ್ಕಿಲ್ಲ.

ಅಚ್ಚನ್ನೂ ಬೆಚ್ಚಗೆ ಮಾಡಿಟ್ಟಿರಿ. ತಣ್ಣನೆ ತಗಡಿಗೆ ಬಿಸಿ ಹಾಳೆ ತಾಗಿದರೆ ಆ ಜಾಗ ಮೊದಲು ಗಟ್ಟಿಯಾಗಿ ಕಲೆ ಬೀಳುತ್ತದೆ. ಇಬ್ಬರು ಬೇಕು. ಒಬ್ಬರು ಓವನ್ ಬಾಗಿಲು, ಒಬ್ಬರು ಹಾಳೆ. ಮೆತ್ತನೆಯ ಹತ್ತಿ ಗ್ಲೌಸು ಎರಡು ಪದರ. ಹಾಳೆಯ ನಡುಗೆರೆಯನ್ನು ಅಚ್ಚಿನ ನಡುಗೆರೆಗೆ ತಂದು ಬಿಡಿ, ಉಳಿದದ್ದು ತನ್ನ ಭಾರಕ್ಕೇ ಇಳಿಯುತ್ತದೆ. ಕೈಯಿಂದ ಒತ್ತಬೇಡಿ, ಬೆರಳಚ್ಚು ಬೀಳುತ್ತದೆ. ಅಂಚು ಮೇಲೆದ್ದರೆ ಬಟ್ಟೆ ಸುತ್ತಿದ ಮರದ ಪಟ್ಟಿ ಇಟ್ಟು, ಹೆಚ್ಚಾಗಿ ಉಳಿಸಿಕೊಂಡ ಹೊರಅಂಚಿನಲ್ಲಿ ಕ್ಲ್ಯಾಂಪ್ ಹಾಕಿ. ಮೇಲೊಂದು ದಪ್ಪ ಹೊದಿಕೆ ಮುಚ್ಚಿ, ಫ್ಯಾನ್ ಆಫ್ ಮಾಡಿ. ಮುಟ್ಟಿದರೆ ಬರೀ ಬೆಚ್ಚಗಿದೆ ಅನ್ನುವವರೆಗೂ ತೆಗೆಯಬೇಡಿ.

ಬಾಗು ತುಂಬಾ ಕಡಿಮೆ ಇದ್ದರೆ ಬಿಸಿಯೇ ಬೇಡ. ಅಕ್ರಿಲಿಕ್ಕಿಗೆ ತಣ್ಣಗೆ ಬಾಗಿಸುವ ಮಿತಿ, ಬಾಗಿನ ತ್ರಿಜ್ಯ ದಪ್ಪದ 200 ಪಟ್ಟು. 3 ಮಿ.ಮೀ. ಹಾಳೆಗೆ 600 ಮಿ.ಮೀ. ಅದಕ್ಕಿಂತ ಬಿಗಿಯಾಗಿ ಬಗ್ಗಿಸಿ ಬೋಲ್ಟು ಹಾಕಿದರೆ ಇವತ್ತು ಕೂರುತ್ತದೆ, ಮುಂದಿನ ಬೇಸಿಗೆಗೆ ತೂತಿನಿಂದ ಬಿರುಕು ಶುರುವಾಗುತ್ತದೆ.

ಅಂಚು, ತೂತು

ಈಗ ಶೀಲ್ಡಿಗೆ ಆಕಾರ ಬಂದಿದೆ. ನಕ್ಷೆ ಇಟ್ಟು ನಿಜವಾದ ಗೆರೆ ಎಳೆದು, ಗೆರೆಯಿಂದ 1–2 ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಅರದಿಂದ ತೆಗೆಯಿರಿ. ಮುರಿದ ಹ್ಯಾಕ್ಸಾ ಬ್ಲೇಡಿನ ಬೆನ್ನನ್ನು ಅಂಚಿನ ಉದ್ದಕ್ಕೂ ಎಳೆದರೆ ಸುರುಳಿ ಸುರುಳಿ ಬರುತ್ತದೆ, ಅರದ ಗೆರೆಗಳು ಹೋಗುತ್ತವೆ. ಆಮೇಲೆ 400, 600, 1000. ಅಂಚು ಗುಂಡಗಾಗಬೇಕು. ಕಾಣಲು ಚಂದ ಅಂತ ಮಾತ್ರವಲ್ಲ, ಅಂಚಿನ ಒಂದು ಕಚ್ಚು ಸಾಕು ಸೀಳು ಹುಟ್ಟಲು. ಕೆಲವರು ಗ್ಯಾಸ್ ಬೆಂಕಿ ಆಡಿಸಿ ಅಂಚಿಗೆ ಹೊಳಪು ಕೊಡುತ್ತಾರೆ. ಕ್ಷಣದಲ್ಲಿ ಹೊಳೆಯುತ್ತದೆ, ನಿಜ. ಜೊತೆಗೆ ಅಂಚಿನಲ್ಲಿ ಎಳೆತವೂ ಕೂರುತ್ತದೆ. ನಾನು ಮಾಡುವುದಿಲ್ಲ.

ತೂತಿನ ವಿಷಯದಲ್ಲಿ ನಿಧಾನವಾಗಿರಿ. ಕಬ್ಬಿಣಕ್ಕೆ ಬಳಸುವ ಡ್ರಿಲ್ ಬಿಟ್ಟು ಅಕ್ರಿಲಿಕ್ಕನ್ನು ಕಚ್ಚಿ ಎಳೆಯುತ್ತದೆ, ಆ ಕಡೆ ಹೊರಬರುವಾಗ ಚಕ್ಕೆ ಎಬ್ಬಿಸುತ್ತದೆ. ಪ್ಲಾಸ್ಟಿಕ್ಕಿಗೆ ಅಂತಲೇ ಚೂಪು ತುದಿಯ ಬಿಟ್ಟು ಸಿಗುತ್ತದೆ. ಸಿಗದಿದ್ದರೆ ಮಾಮೂಲಿ ಬಿಟ್ಟಿನ ಕತ್ತರಿಸುವ ಅಂಚನ್ನು ಸಾಣೆಕಲ್ಲಿನಲ್ಲಿ ಸ್ವಲ್ಪ ಮೊಂಡು ಮಾಡಿ, ಆಗ ಅದು ಕಚ್ಚದೆ ಕೆರೆಯುತ್ತದೆ. ಸ್ಟೆಪ್ ಬಿಟ್ಟೂ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಂದೆ ಮರದ ತುಂಡು ಒತ್ತಿ ಹಿಡಿದು, ಕಡಿಮೆ ಸ್ಪೀಡಿನಲ್ಲಿ, ಹೊರಬರುವ ಹೊತ್ತಿಗೆ ಒತ್ತುವುದನ್ನೇ ಬಿಟ್ಟುಬಿಡಿ. ಕೊರೆದ ತೂತಿನ ಎರಡೂ ಬಾಯಿಯ ಚೂಪನ್ನು ತೆಗೆದು, ಒಳಗೆ ಸಣ್ಣ ಪೇಪರ್ ಸುತ್ತಿ ಉಜ್ಜಿ. ಸರಿಯಾಗಿ ಮಾಡಿದ ತೂತಿನ ಒಳಗೋಡೆ ಮಂಜಿನ ಹಾಗಿರುತ್ತದೆ, ಸಣ್ಣ ಚಕ್ಕೆಯೂ ಇರುವುದಿಲ್ಲ.

ತೂತು ಬೋಲ್ಟಿಗಿಂತ ದೊಡ್ಡದಿರಲೇಬೇಕು. ಅಕ್ರಿಲಿಕ್ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. ಎರಡು ತೂತುಗಳ ನಡುವೆ 500 ಮಿ.ಮೀ. ಇದ್ದು, ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಆದರೆ 1.4 ಮಿ.ಮೀ. ಕಬ್ಬಿಣದ ಪಟ್ಟಿ ಅದರ ಕಾಲು ಭಾಗವೂ ಹಿಗ್ಗುವುದಿಲ್ಲ. ಆ ವ್ಯತ್ಯಾಸ ಎಲ್ಲಿಗೆ ಹೋಗಬೇಕು ಹೇಳಿ? 6 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ತೂತು, ನಡುವೆ ರಬ್ಬರ್ ತೋಳು. ಅಂಚಿನಿಂದ ತೂತು ಕನಿಷ್ಠ ಅದರ ಅಗಲದ ಎರಡು ಪಟ್ಟು ಒಳಗೆ ಇರಲಿ.

ಕೊರೆಯುವುದೆಲ್ಲ ಮುಗಿದ ಮೇಲೆ ಶೀಲ್ಡನ್ನು ಅಚ್ಚಿನ ಮೇಲಿಟ್ಟು ಮತ್ತೊಮ್ಮೆ ಓವನ್ನಿಗೆ. ಈ ಸಲ 80 ಡಿಗ್ರಿ ಮಾತ್ರ, ಎರಡು ಮೂರು ಗಂಟೆ. ಆಕಾರ ಬದಲಾಗುವುದಿಲ್ಲ, ಒಳಗಿನ ಎಳೆತ ಸಡಿಲವಾಗುತ್ತದೆ. ಬಾಗಿಲು ತೆಗೆಯದೆ ತಾನಾಗಿ ಆರಲಿ. ಗಂಟೆಗೆ ಹತ್ತು ಹದಿನೈದು ಡಿಗ್ರಿಯಷ್ಟೇ ಇಳಿದರೆ ಒಳ್ಳೆಯದು. ತುಂಬಾ ಜನ ಬಿಟ್ಟುಬಿಡುವ ಹೆಜ್ಜೆ ಇದು. ಸಮಯ ಇಲ್ಲ ಅಂದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಬೈಕಿಗೆ ಕೂರಿಸುವುದು

ಲೋಹದ ಭಾಗಗಳಿಗೆ ಹೆಚ್ಚು ಹೇಳುವುದಿಲ್ಲ. ತುಕ್ಕು ತೆಗೆದು, ಬೇಕಿದ್ದರೆ ಕ್ರೋಮ್ ಮಾಡಿಸಿ. ಪ್ಲೇಟಿಂಗಿಗೆ ಕಳಿಸುವ ಮೊದಲು ಬಾಗಿದ್ದನ್ನು ನೆಟ್ಟಗೆ ಮಾಡಿ, ಆಮೇಲೆ ಬಗ್ಗಿಸಿದರೆ ಕ್ರೋಮ್ ಏಳುತ್ತದೆ. ಕಂಪನಿಯ ಹೆಸರಿನ ಪಟ್ಟಿಯಿದ್ದರೆ ಅದನ್ನು ಬಫಿಂಗಿಗೆ ಕೊಡಬೇಡಿ.

ಮೊದಲು ಬ್ರಾಕೆಟ್ಟುಗಳನ್ನು ಹ್ಯಾಂಡಲಿಗೆ ಸಡಿಲವಾಗಿ ಹಾಕಿ. ಶೀಲ್ಡನ್ನು ಅವುಗಳ ಮೇಲೆ ಇಟ್ಟಾಗ ಎಲ್ಲ ಬೋಲ್ಟುಗಳೂ ಬೆರಳಿನಿಂದ ತಳ್ಳಿದರೆ ಹೋಗಬೇಕು. ಮೂರು ಹೋಗಿ ನಾಲ್ಕನೆಯದಕ್ಕೆ ಶೀಲ್ಡನ್ನು ಎಳೆಯಬೇಕಾಯಿತು ಅಂದರೆ ಬ್ರಾಕೆಟ್ಟನ್ನು ಸರಿ ಮಾಡಿ. ಶೀಲ್ಡನ್ನು ಎಳೆದು ಬೋಲ್ಟು ಹಾಕಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಎರಡೂ ಕಡೆ ರಬ್ಬರ್ ವಾಷರ್, ಅದರ ಹೊರಗೆ ಅಗಲದ ಲೋಹದ ವಾಷರ್. ಮೆತ್ತನೆಯ ಪಿವಿಸಿ ವಾಷರೋ ಬೀಡಿಂಗೋ ಬೇಡ, ಅದರಲ್ಲಿರುವ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಅಕ್ರಿಲಿಕ್ಕಿಗೆ ಇಳಿದು ಬಿರುಕು ತರುತ್ತದೆ. ಇಪಿಡಿಎಂ ಅಥವಾ ಸಿಲಿಕೋನ್ ರಬ್ಬರ್ ಒಳ್ಳೆಯದು. ನೈಲಾನ್ ಉಂಗುರದ ಲಾಕ್ ನಟ್ಟು ಹಾಕಿ, ಕೈಯಿಂದ ಬಿಗಿದು, ಸ್ಪಾನರಿನಲ್ಲಿ ಕಾಲು ಸುತ್ತು. ರಬ್ಬರು ಉಬ್ಬಿ ಹೊರಬರುತ್ತಿದ್ದರೆ ಜಾಸ್ತಿಯಾಯಿತು. ನಟ್ಟು ಬಿಚ್ಚದಿರಲಿ ಅಂತ ಥ್ರೆಡ್ ಲಾಕ್ ದ್ರವ ಮಾತ್ರ ಹಾಕಬೇಡಿ. ಆ ದ್ರವ ಅಕ್ರಿಲಿಕ್ಕನ್ನೂ ಪಾಲಿಕಾರ್ಬೊನೇಟನ್ನೂ ತೂತಿನ ಸುತ್ತ ಸೀಳಿಸಿಬಿಡುತ್ತದೆ.

ಎತ್ತರಕ್ಕೆ ನನ್ನ ಲೆಕ್ಕ ಇದು. ಬೈಕಿನ ಮೇಲೆ ನಿಮ್ಮ ಪೂರ್ತಿ ಭಾರ ಹಾಕಿ, ಓಡಿಸುವ ಹಾಗೆಯೇ ಕೂತಾಗ ಶೀಲ್ಡಿನ ಮೇಲಂಚು ಮೂಗಿನ ನೇರಕ್ಕೆ ಬರಲಿ. ಶೀಲ್ಡಿನ ಮೂಲಕ ಅಲ್ಲ, ಅದರ ಮೇಲಿಂದ ರಸ್ತೆ ನೋಡಬೇಕು. ಮಳೆಯಲ್ಲಿ, ರಾತ್ರಿ ಎದುರಿನ ಲೈಟಿನಲ್ಲಿ, ಯಾವ ಪ್ಲಾಸ್ಟಿಕ್ಕೂ ತಿಳಿಯಾಗಿರುವುದಿಲ್ಲ. ಹಳೇ ನಕ್ಷೆಗಿಂತ ಎರಡು ಮೂರು ಸೆಂ.ಮೀ. ಕಡಿಮೆ ಮಾಡಬೇಕಾಗಿ ಬಂದರೆ ಮಾಡಿ. ಮೊದಲು ರಟ್ಟಿನಲ್ಲಿ ಮಾಡಿ, ಟೇಪ್ ಹಚ್ಚಿ, ಕೂತು ನೋಡಿದರೆ ಹಾಳೆ ಹಾಳಾಗುವುದಿಲ್ಲ.

ಹ್ಯಾಂಡಲನ್ನು ಎರಡೂ ಕೊನೆಯವರೆಗೆ ತಿರುಗಿಸಿ. ಕ್ಲಚ್ ಕೇಬಲ್, ಬ್ರೇಕ್ ಕೇಬಲ್ ಎಲ್ಲೂ ಸಿಕ್ಕಿಕೊಳ್ಳಬಾರದು, ಶೀಲ್ಡು ಟ್ಯಾಂಕಿಗೆ ತಾಗಬಾರದು. ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನವಾಗಿ. ಹ್ಯಾಂಡಲ್ ಅಲುಗಾಡಿದರೆ ವೇಗ ಇಳಿಸಿ ವಾಪಸ್ ಬನ್ನಿ. ಶೀಲ್ಡನ್ನು ಸ್ವಲ್ಪ ಹಿಂದಕ್ಕೆ ಒರಗಿಸಿಯೋ ಕೆಳಗಿಳಿಸಿಯೋ ನೋಡಿ. ಆಗಲೂ ನಿಲ್ಲದಿದ್ದರೆ ಆ ಬೈಕಿಗೆ ಆ ಶೀಲ್ಡು ಬೇಡ. ಒಂದಿಷ್ಟು ಓಡಿದ ಮೇಲೆ ರಬ್ಬರು ಕೂತು ನಟ್ಟು ಸಡಿಲ ಆಗಿರುತ್ತದೆ, ಮತ್ತೊಮ್ಮೆ ಬೆರಳಿನಲ್ಲಿ ನೋಡಿ.

ತೊಳೆಯಲು ನೀರು, ಸ್ವಲ್ಪ ಸೋಪು, ಮೆತ್ತನೆಯ ಬಟ್ಟೆ. ಒಣಗಿ ಅಂಟಿದ ಹುಳಗಳ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಟ್ಟರೆ ತಾವೇ ಬಿಡುತ್ತವೆ. ಪೆಟ್ರೋಲು, ಥಿನ್ನರು, ಸ್ಪಿರಿಟ್ಟು, ಅಮೋನಿಯಾ ಇರುವ ಗ್ಲಾಸ್ ಕ್ಲೀನರು ಯಾವುದೂ ಹತ್ತಿರ ಬರಬಾರದು. ಟ್ಯಾಂಕು ತುಂಬಿಸುವಾಗ ಪೆಟ್ರೋಲ್ ಹನಿ ಸಿಡಿದರೆ ಒಣಬಟ್ಟೆಯಲ್ಲಿ ಉಜ್ಜದೆ ಆಗಲೇ ನೀರು ಹುಯ್ಯಿರಿ.

ಅಚ್ಚು, ರಟ್ಟಿನ ನಕ್ಷೆ ಎರಡನ್ನೂ ಎಸೆಯಬೇಡಿ. ನಕ್ಷೆಯ ಮೇಲೆ ಬೈಕಿನ ಮಾಡೆಲ್, ಹಾಳೆಯ ದಪ್ಪ, ಕುಗ್ಗಲು ಎಷ್ಟು ಬಿಟ್ಟಿರಿ, ತೂತಿನ ಅಳತೆ ಎಷ್ಟು ಅಂತ ಮಾರ್ಕರಿನಲ್ಲಿ ಬರೆದಿಡಿ. ಈ ಹಾಳೆಯೂ ಒಂದು ದಿನ ಸವೆಯುತ್ತದೆ. ಆಗ ಅಳತೆ ತೆಗೆಯುವ ಕೆಲಸ ಉಳಿಯುತ್ತದೆ.